ಹೆಂಡತಿಯ ಹೆಸರಿನಲ್ಲೊಂದು ಸೋಡಾ ಮಷಿನ್

ಹೊಸದಾಗಿ ಸರಕಾರಿ ನೌಕರಿ ಹಿಡಿದವರು ಆಗೀಗ ನನ್ನ ಕಟ್ಟೆಗೆ ಬಂದು ಕೂಡುತ್ತಾರೆ. ಸೇವಾ ನಿಯಮ ಕೇಳಲು ಬಂದಿದ್ದೇವೆ ಎನ್ನುತ್ತಾರೆ. ಚಹಾ ಮುಗಿಯುವುದರೊಳಗೆ ಖರೇ ವಿಷಯ ಹೊರಬೀಳುತ್ತದೆ. "ಕಾಕಾ, ನೌಕರಿ ಜೋಡಿ ಸಣ್ಣದೊಂದು ಧಂಧೆ ಮಾಡಬೇಕಂತ ಐತ್ರಿ. ಹ್ಯಾಂಗ ಮಾಡೂದು?" ನೌಕರಿ ಹ್ಯಾಂಗ ಮಾಡೂದು ಎಂದು ಇಂದಿನವರೆಗೆ ಒಬ್ಬನೂ ಕೇಳಿಲ್ಲ. ಅದು ತಾನಾಗಿಯೇ ಆಗುತ್ತದೆಂದು ಅವರಿಗೂ ಗೊತ್ತು, ಸರಕಾರಕ್ಕೂ ಗೊತ್ತು.

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ಸುದ್ದಿ ಇದರಲ್ಲಿಲ್ಲ. ಬಂದ ಬಡ್ತಿ ಕಡಿಮೆ, ಅವುಗಳಿಗಾಗಿ ಹಾಕಿದ ನಮಸ್ಕಾರ ಹೆಚ್ಚು.

ನಾನು ರೋಣದ ಮಾಮಲೇದಾರ ಕಚೇರಿಗೆ ಕಾರಕೂನನಾಗಿ ಸೇರಿದಾಗ ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಕಾರಕೂನನೆಂದರೆ ಈಗಿನ ಗುಮಾಸ್ತ. ನಮ್ಮೆಲ್ಲರ ಮೇಲೆ ಒಬ್ಬ ಅವಲ ಕಾರಕೂನರಿದ್ದರು. ಕಚೇರಿಯ ಪ್ರತಿ ಕಾಗದವೂ ಅವರ ಮೂಗಿನ ಕೆಳಗಿಂದಲೇ ಹಾಯ್ದು ಹೋಗಬೇಕು. ಮೂಗು ದೊಡ್ಡದಿತ್ತು, ಕಾಗದ ನಿಧಾನವಾಗಿ ಹಾಯುತ್ತಿತ್ತು. ಮೊದಲ ದಿನವೇ ನನ್ನನ್ನು ಹತ್ತಿರ ಕೂಡಿಸಿಕೊಂಡು ಉಪದೇಶ ಮಾಡಿದರು.

"ಗುರುಸಿದ್ದಪ್ಪಾ, ಕಾಗದ ಬಂದ ದಿನಽ ಜವಾಬ ಬರದ್ರ ಅದಕ್ಕ ಕಿಮ್ಮತ್ತ ಇರಂಗಿಲ್ಲ. ಹಾಲು ಹೆಪ್ಪ ಆಗಬೇಕು, ಆಮ್ಯಾಲ ಕಡಿಬೇಕು, ಆಮ್ಯಾಲ ಬೆಣ್ಣಿ."

ಕಚೇರಿ ಕೆಲಸಕ್ಕೆ ಹಾಲು ಮೊಸರಿನ ಹೋಲಿಕೆ ಯಾಕೆ ಎಂದು ಆಗ ತಿಳಿಯಲಿಲ್ಲ. ಮಧ್ಯಾಹ್ನ ತಿಳಿಯಿತು. ಅವರ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದವು. ಮಧ್ಯಾಹ್ನವಾದೊಡನೆ ಮಜ್ಜಿಗೆಯ ಕೊಡ ಕಚೇರಿಯ ಪಡಸಾಲೆಗೆ ಬರುತ್ತಿತ್ತು. ಅರ್ಜಿ ಹಿಡಿದು ಬಂದ ರೈತರು ಮೊದಲು ದುಡ್ಡು ಕೊಟ್ಟು ಮಜ್ಜಿಗೆ ಕುಡಿದರೆ ಅರ್ಜಿಗೆ ಸ್ವಲ್ಪ ಕಾಲು ಬರುತ್ತಿದ್ದವು. ಸರಕಾರಿ ನೌಕರ ಧಂಧೆ ಮಾಡಕೂಡದೆಂದು ನಿಯಮವಿತ್ತು. ಆದ್ದರಿಂದ ಎಮ್ಮೆಗಳು ಅವರ ಹೆಂಡತಿಯ ಹೆಸರಿನಲ್ಲಿದ್ದವು. ಇನ್ನೊಬ್ಬ ಕಾರಕೂನರ ಸೈಕಲ್ ಬಾಡಿಗೆ ಅಂಗಡಿ ಅವರ ಹೆಂಡತಿಯ ಹೆಸರಿನಲ್ಲಿತ್ತು. ಆ ತಾಯಿ ಜೀವಮಾನದಲ್ಲಿ ಸೈಕಲ್ ಮುಟ್ಟಿದವರಲ್ಲ. ಕಾಗದ ನೋಡಿ ಹೇಳುವುದಾದರೆ ಇಡೀ ಮುಂಬಯಿ ರಾಜ್ಯದಲ್ಲಿ ರೋಣದ ಹೆಣ್ಣುಮಕ್ಕಳಷ್ಟು ದೊಡ್ಡ ವ್ಯಾಪಾರಸ್ಥರು ಬೇರೆ ಎಲ್ಲೂ ಇರಲಿಲ್ಲ.

ನನ್ನ ಹೆಂಡತಿ ನೀಲವ್ವ. ಯಾವಗಲ್ಲಿನವಳು. ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತವಳು. ನಮ್ಮ ಓಣಿಯಲ್ಲಿ ಆಕೆಗೆ ಒಂದು ದೊಡ್ಡ ಹೆಸರಿತ್ತು, ಒಡಪಿನಲ್ಲಿ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರೇ ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪ್ರಾಸ ಕೂಡಿಸಿ, ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಉಳಿದವರು ತಾಯಿ ಕಲಿಸಿದ ಎರಡು ಒಡಪನ್ನೇ ಸಾಯುವತನಕ ಹೇಳಿದರೆ, ಈಕೆ ಪ್ರತಿ ಸಲ ನಿಂತ ನಿಲುವಿನಲ್ಲಿ ಹೊಸದು ಕಟ್ಟುತ್ತಿದ್ದಳು. ಕಂಡದ್ದನ್ನೇ ಕಟ್ಟುತ್ತಿದ್ದಳು. ಸುಳ್ಳು ಹಾಕಿದರೆ ಪ್ರಾಸ ಕೂಡುವುದಿಲ್ಲ ಎನ್ನುತ್ತಿದ್ದಳು. ಆ ಮಾತನ್ನು ನಾನು ಆಗಲೇ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿತ್ತು.

ಸೋಡಾದ ವಿಚಾರ ಬಂದದ್ದು ಹೊಳೆಯಿಂದ. ಒಂದು ವರ್ಷ ಮಲಪ್ರಭೆ ಮೆಣಸಗಿಯೊಳಗೆ ಹೊಕ್ಕಳು. ನೀರಿಳಿದ ಮೇಲೆ ಹಾನಿಯ ಪಂಚನಾಮೆಗೆ ಮಾಮಲೇದಾರರ ಜೊತೆ ನಾನೂ ಹೋದೆ. ನಮೂನೆಯಲ್ಲಿ ಹದಿನಾಲ್ಕು ಕಲಮು. ಮನೆ ಕಳೆದುಕೊಂಡ ಒಬ್ಬ ಮುದುಕಿಯ ಮುಂದೆ ಕುಳಿತು, "ಯವ್ವಾ, ಏನೇನ ಹೋತು, ಒಂದೊಂದಽ ಹೇಳು" ಎಂದೆ.

"ಹೊಳೀನ್ನ ಕೇಳಪಾ" ಎಂದಳು. "ಒಯ್ಯೂ ಮುಂದ ನನಗೇನ ಹೇಳಿ ಒಯ್ದಿಲ್ಲ."

ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ತಿಳಿಯದೆ 'ಶರಾ' ಎಂಬಲ್ಲಿ ಬರೆದೆ. ಧಾರವಾಡದಿಂದ ಮೂರು ತಿಂಗಳ ಮೇಲೆ ಪ್ರಶ್ನೆ ಬಂತು: ಸದರಿ ಹೊಳೆಯ ಜವಾಬು ಯಾಕೆ ಪಡೆದಿಲ್ಲ? ನಾನು ಅದಕ್ಕೂ ಉತ್ತರ ಬರೆದೆ. ಹೊಳೆ ಈಗ ಮುಂದೆ ಹೋಗಿದೆ ಎಂದು.

ಆ ದಿನ ಹಿಂತಿರುಗುವಾಗ ಹೊಳೆಆಲೂರು ಸ್ಟೇಶನ್ನಿನ ಹೊರಗೆ ಮಾಮಲೇದಾರರು ಒಂದು ಗೋಲಿ ಸೋಡಾ ಕುಡಿದು, ಅಂಗಡಿ ನಡುಗುವಂತೆ ತೇಗಿ, "ಏನ್ ಸುಖಾರೀ! ನಮ್ಮ ರೋಣದಾಗ ಮಜ್ಜಿಗಿ ಬಿಟ್ರ ಗತಿ ಇಲ್ಲ" ಎಂದರು. ಸೋಡಾ ಮಾರುವವನು ಊರು ಬಿಟ್ಟು ಸೊಲ್ಲಾಪುರಕ್ಕೆ ಹೊರಟಿದ್ದ. ಮಷಿನ್ ಮಾರಾಟಕ್ಕಿತ್ತು. ಬಾಟಲಿ ಕೂಡಿಸಲು ಒಂದು ಕಬ್ಬಿಣದ ಪೆಟ್ಟಿಗೆ, ಅದನ್ನು ತಿರುಗಿಸಲು ಪಕ್ಕದಲ್ಲಿ ಒಂದು ಗಾಲಿ, ಗ್ಯಾಸಿನ ಸಿಲಿಂಡರು. ಗಾಲಿ ತಿರುವಿದರೆ ಬಾಟಲಿಯೊಳಗೆ ಗ್ಯಾಸು ತುಂಬಿ, ಗೋಲಿ ಮೇಲೇರಿ ಬಾಯಿ ಮುಚ್ಚುತ್ತದೆ. ಇಷ್ಟೇ ವಿದ್ಯೆ. ಇದಕ್ಕಿಂತ ಸುಲಭದ ಧಂಧೆ ಭೂಮಿಯ ಮೇಲಿಲ್ಲವೆಂದು ನನಗೆ ಅನಿಸಿತು. ಧಂಧೆ ಮಾಡದವನಿಗೆ ಹಾಗೆಯೇ ಅನಿಸುತ್ತದೆ.

ನೀಲವ್ವನಿಗೆ ತವರಿನಿಂದ ಬಂದ ಒಂದು ಎಮ್ಮೆಯಿತ್ತು. ಅದನ್ನು ಗಜೇಂದ್ರಗಡದ ಸಂತೆಗೆ ಹೊಡೆಸಿದೆ. ಆಕೆ ಎಮ್ಮೆಯ ಹಣೆಗೆ ಕುಂಕುಮ ಹಚ್ಚಿ, "ಮಷಿನ್ನಿಗೆ ಹಿಂಡಿ ಹಾಕೂದು ಬ್ಯಾಡಲ್ರಿ? ಹಂಗಾರ ಚಲೋ ಆತು ಬಿಡ್ರಿ" ಎಂದು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡೆ.

'ನನ್ನ ಹೆಂಡತಿ ತನ್ನ ಸ್ವಂತ ಬುದ್ಧಿಯಿಂದ, ತನ್ನ ಸ್ವಂತ ಬಂಡವಾಳದಿಂದ ಸೋಡಾ ತಯಾರಿಸಲು ಇಚ್ಛಿಸಿದ್ದಾಳೆ' ಎಂದು ಮಾಮಲೇದಾರರಿಗೆ ತಿಳುವಳಿಕೆ ಬರೆದುಕೊಟ್ಟೆ. ಬಂಡವಾಳದ ಮಾತು ಖರೇ ಇತ್ತು. ಉಳಿದದ್ದು ಸರಕಾರಿ ಭಾಷೆ.

ರೋಣದ ಬಾವಿಗಳ ನೀರು ಸವಳು. ಮೊದಲ ವಾರದ ಸೋಡಾ ಕುಡಿದವರು ಮುಖ ಕಿವುಚಿದರು. ಸಿಹಿನೀರಿನ ಬಾವಿ ಊರಾಚೆ ಇತ್ತು. ನೀಲವ್ವ ಅಲ್ಲಿಂದ ಹೊತ್ತು ತಂದಳು. ಮುಂಜಾನೆ ಆಕೆ ಬಾಟಲಿ ತೊಳೆದು ನೀರು ತುಂಬಿ ಕೂಡಿಸುವುದು, ನಾನು ಗಾಲಿ ತಿರುವುವುದು. ಕಚೇರಿಯ ಹೊತ್ತಾದಾಗ ಬೆವರು ಒರೆಸಿಕೊಂಡು ಕೋಟು ಹಾಕಿಕೊಂಡು ಓಡುವುದು. ಕಚೇರಿ ಮುಟ್ಟಿದ ಮೇಲೆ ವಿಶ್ರಾಂತಿ.

ಎರಡು ಕಡೆ ಮನಸ್ಸಿಟ್ಟವನ ಪೆನ್ನು ಎರಡು ಕಡೆ ಓಡುತ್ತದೆ. ಒಮ್ಮೆ ಒಂದು ಜಮೀನಿನ ಕಡತದಲ್ಲಿ, ಟಿಪ್ಪಣಿಯ ಕೊನೆಗೆ, 'ಯಾವಗಲ್ಲಿನಿಂದ ಎರಡು ಡಜನ್ ಖಾಲಿ ಬಾಟಲಿ ಇನ್ನೂ ಬಂದಿಲ್ಲ' ಎಂದು ಬರೆದುಬಿಟ್ಟೆ. ಕಡತ ಅವಲ ಕಾರಕೂನರ ಮೂಗಿನ ಕೆಳಗೆ ಹಾಯ್ದು ಮಾಮಲೇದಾರರ ಮೇಜಿಗೆ ಹೋಯಿತು. ಅವರು ತಮ್ಮ ಪದ್ಧತಿಯಂತೆ ಓದದೆ ಬರೆದರು: 'ಕೂಡಲೇ ತರಿಸಿಕೊಂಡು ವರದಿ ಮಾಡಿರಿ.' ಪಟ್ಟೇವಾಲಾ ದಾವಲಸಾಬ ಹುಕುಮಿನ ಮನುಷ್ಯ. ಬಸ್ಸು ಹತ್ತಿ ಯಾವಗಲ್ಲಿಗೆ ಹೋಗಿ, ಸರಕಾರಿ ಪಟ್ಟಾ ಎದೆಗೆ ಹಾಕಿಕೊಂಡೇ ಅಂಗಡಿಯವನ ಮುಂದೆ ನಿಂತು, ಎರಡು ಡಜನ್ ಬಾಟಲಿ ಗೋಣಿಚೀಲದಲ್ಲಿ ತಂದು ಕಚೇರಿಯ ನಡುವೆ ಇಳಿಸಿದ.

"ಜಪ್ತಿ ಮಾಲ ಬಂದೈತ್ರಿ" ಎಂದ.

ಅವಲ ಕಾರಕೂನರು ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಮಜ್ಜಿಗೆಯ ಕೊಡವನ್ನು ನೋಡಿದರು. ನಮ್ಮ ಸೋಡಾ ಬಂದಂದಿನಿಂದ ಕೊಡ ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. ಮತ್ತೆ ಕಾಗದಕ್ಕೆ ಮೂಗು ಬಗ್ಗಿಸಿದರು. ಹೆಪ್ಪು ಹಾಕಿದರೆಂದು ನನಗೆ ಆಗ ತಿಳಿಯಲಿಲ್ಲ.

ಇನ್ನೊಂದು ಪ್ರಸಂಗ ಬರೆಯದೆ ಬಿಡಬೇಕೆಂದಿದ್ದೆ. ಬರೆಯುತ್ತೇನೆ. ಒಂದು ಬೇಸಿಗೆಯಲ್ಲಿ ಮಾಮಲೇದಾರರ ಮನೆಗೆ ಬೀಗರು ಬಂದರು, ಸೋಡಾ ಬೇಕೆಂದು ಹೇಳಿ ಕಳಿಸಿದರು. ಕಚೇರಿಗೆ ತಡವಾಗಿತ್ತು. ಅವಸರದಲ್ಲಿ ನಾನು ಒತ್ತಡ ತೋರಿಸುವ ಮುಳ್ಳು ನೋಡದೆ ಗ್ಯಾಸು ಬಿಟ್ಟು ಗಾಲಿ ತಿರುವಿದೆ. ಬಾಟಲಿ ಸಿಡಿಯಿತು. ಗಾಜಿನ ಚೂರು ಪೆಟ್ಟಿಗೆಯ ತಂತಿಯ ಜಾಳಿಗೆ ದಾಟಿ ಬಂದು ನೀಲವ್ವನ ಹುಬ್ಬಿನ ಮೇಲೆ ಬಡಿಯಿತು. ಆಕೆ ಸೆರಗಿನಿಂದ ಹಣೆ ಒತ್ತಿ ಹಿಡಿದು ಕುಳಿತಳು. ನಾನು ಕೇಳಿದ ಮೊದಲ ಮಾತು: "ಎಷ್ಟ ಒಡದ್ವು?"

"ಒಂದ ಬಾಟ್ಲಿ, ಒಂದ ಹಣಿ" ಎಂದಳು.

ದವಾಖಾನಿಯಲ್ಲಿ ಮೂರು ಹೊಲಿಗೆ ಬಿದ್ದವು. ನನಗೆ ಬಹಳ ನಾಚಿಕೆಯಾಯಿತು. ಆ ನಾಚಿಕೆ ಎಂಟು ದಿನ ಇತ್ತು. ಒಂಬತ್ತನೆಯ ದಿನ ಮತ್ತೆ, "ಲಗೂ ಮಾಡು, ಲಗೂ ಮಾಡು" ಎನ್ನುತ್ತಿದ್ದೆ.

ಅಷ್ಟರಲ್ಲಿ ಏಕೀಕರಣವಾಯಿತು. ನಾವು ಮುಂಬಯಿಯಿಂದ ಎದ್ದು ಮೈಸೂರಿನಲ್ಲಿ ಕುಳಿತೆವು, ಕುರ್ಚಿ ಬದಲಾಗಲಿಲ್ಲ. ಮಾಮಲೇದಾರರು ತಹಸೀಲ್ದಾರರಾದರು. ಪಟ್ಟೇವಾಲಾ ಜವಾನನಾದ. "ಹೆಸರ ಬದಲಾತ್ರಿ, ಚಪ್ಪಲಿ ಅವಽ ಅದಾವ" ಎಂದ ದಾವಲಸಾಬ. ಹೊಸ ನಮೂನೆಗಳು ಬಂದವು. ಹಳೆಯವು ಹದಿನಾಲ್ಕು ಕಲಮಿನವು, ಹೊಸವು ಇಪ್ಪತ್ತೊಂದರವು. ಪ್ರಗತಿ ಎಂದರೆ ಅದೇ ಎಂದು ತಿಳಿದುಕೊಂಡೆವು. ಅವುಗಳ ಜೊತೆಗೆ ಮೈಸೂರಿನ ಕಡೆಯ ಒಬ್ಬ ಪ್ರಾಂತ ಸಾಹೇಬರೂ ಬಂದರು, ತಹಸೀಲ್ದಾರರಿಗೂ ಮೇಲಿನವರು. ಲಂಚ ಮುಟ್ಟುವುದಿಲ್ಲ, ಸೋಡಾನೂ ಕುಡಿಯುವುದಿಲ್ಲ. ಬಿಸಿನೀರು ಕುಡಿಯುತ್ತಿದ್ದರು. ಅಂಥವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ಕಚೇರಿಯಲ್ಲಿ ಯಾರಿಗೂ ಅನುಭವವಿರಲಿಲ್ಲ.

ಅವರ ಕೈಗೆ ನನ್ನ ಮೇಲೊಂದು ಮೂಗರ್ಜಿ ಹೋಯಿತು. 'ಕಾರಕೂನ ಗುರುಸಿದ್ದಪ್ಪನು ಹೆಂಡತಿಯ ಹೆಸರಿನಲ್ಲಿ ತಾನೇ ಸೋಡಾ ಮಾಡಿ ಘನ ಸರಕಾರಕ್ಕೆ ಮೋಸ ಮಾಡುತ್ತಿದ್ದಾನೆ. ಇತಿ ಒಬ್ಬ ನೊಂದ ನಾಗರಿಕ.' ಅಕ್ಷರ ದುಂಡಾಗಿದ್ದವು. ಎಡಕ್ಕೆ ಅಂಚು ಬಿಟ್ಟಿತ್ತು. ಕಾಗದವನ್ನು ನಿಯಮದಂತೆ ಮಡಚಿತ್ತು. ಮೇಲೆ ಬಲಮೂಲೆಯಲ್ಲಿ ನಮ್ಮ ಕಚೇರಿಯಿಂದ ಹೊರಹೋಗುವ ಪತ್ರಗಳಿಗೆ ಹಾಕುವ ಜಾವಕ ನಂಬರು ಬರೆದಿತ್ತು! ನಂಬರು ಹಾಕದೆ ಒಂದು ಕಾಗದವನ್ನೂ ಹೊರಗೆ ಬಿಡದ ಮನುಷ್ಯ ಇಡೀ ತಾಲೂಕಿನಲ್ಲಿ ಒಬ್ಬರೇ ಇದ್ದರು. ರೂಢಿಗೆ ಸೋತು ತಮ್ಮ ಮೂಗರ್ಜಿಗೂ ಹಾಕಿದ್ದರು. ಯಾರು ಬರೆದದ್ದೆಂದು ಸಾಹೇಬರಿಗೂ ತಿಳಿಯಿತು, ನಮಗೂ ತಿಳಿಯಿತು. ಆದರೆ ಬರೆದದ್ದು ಖರೇ ಇತ್ತಲ್ಲ, ಅದೇ ತೊಡಕು.

ಚೌಕಶಿ, ಅಂದರೆ ವಿಚಾರಣೆ, ಗೊತ್ತುಪಡಿಸಿದರು. ನೀಲವ್ವನ ಜವಾಬು ತೆಗೆದುಕೊಳ್ಳುವುದೆಂದು ಹುಕುಮು ಬಂತು. ಧಂಧೆ ನನ್ನದೆಂದು ಸಾಬೀತಾದರೆ ನೌಕರಿ ಹೋಗುತ್ತದೆ. ಹೊಲವಿಲ್ಲ, ಎಮ್ಮೆಯೂ ಇಲ್ಲ. ನೀಲವ್ವನನ್ನು ಕೂಡಿಸಿಕೊಂಡು ಒಂದು ವಾರ ಪಾಠ ಮಾಡಿದೆ.

"ಮಷಿನ್ ಯಾರದು?"

"ನಂದು."

"ಗಾಲಿ ಯಾರು ತಿರುವತಾರ?"

"ನಾನಽ."

"ನಿನ್ನ ಗಂಡಗೂ ಇದಕ್ಕೂ ಸಂಬಂಧ?"

"ಏನೂ ಇಲ್ರಿ." ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು: "ಇದೊಂದು ಹೇಳೂದು ಹಗುರಾಗಂಗಿಲ್ರಿ."

ಎಲ್ಲ ಬಾಯಿಪಾಠವಾಯಿತು. ಚೌಕಶಿಯ ದಿನ ಆಕೆ ಕಚೇರಿಗೆ ಬಂದು, ತಲೆಯ ಮೇಲೆ ಸೆರಗು ಹೊದ್ದು, ಸಾಹೇಬರ ಮೇಜಿನ ಮುಂದೆ ನಿಂತಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಜವಾಬು ಬರೆದುಕೊಳ್ಳಲು ಕುಳಿತವರು ಅವಲ ಕಾರಕೂನರು. ಬೇರೆ ಯಾರು ಕೂಡಬೇಕು! ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಕಲಿಸಿದ್ದ ನಾನು ಎಲ್ಲಕ್ಕಿಂತ ಮೊದಲಿನದನ್ನು ಮರೆತಿದ್ದೆ.

"ಏನಮ್ಮಾ, ನಿಮ್ಮ ಹೆಸರು?" ಎಂದರು ಸಾಹೇಬರು.

"ನೀಲವ್ವ ರೀ."

"ಯಜಮಾನರ ಹೆಸರು?"

ನೀಲವ್ವ ತಲೆ ತಗ್ಗಿಸಿದಳು. ಸಾಹೇಬರು ಮತ್ತೆ ಕೇಳಿದರು. ಆಕೆ ಬಾಗಿಲ ಕಡೆ ಕೈ ತೋರಿಸಿದಳು.

"ಕೈ ಮಾಡಿದ್ರ ಬರಕೊಳ್ಳಾಕ ಬರಂಗಿಲ್ರಿ" ಎಂದರು ಅವಲ ಕಾರಕೂನರು, ಬಹಳ ಸಂತೋಷದಿಂದ. "ಬಾಯಿಲೆ ಹೇಳಬೇಕು. ನಿಯಮ."

"ಇದೇನ್ರೀ ಇದು, ಗಂಡನ ಹೆಸರು ಹೇಳೋಕೂ ಆಗಲ್ವೇ ಈಯಮ್ಮಂಗೆ?" ಸಾಹೇಬರು ಗಾಬರಿಯಾದರು.

ದಾವಲಸಾಬನಿಗೆ ಕನಿಕರ ಬಂತು. ನನ್ನ ಮನೆ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಸಾಹೇಬ್ರ, ನಮ್ಮ ಕಡೆ ಒಡಪ ಹಾಕಿದ್ರಽ ಹೆಸರ ಬರತೈತ್ರಿ. ಅಕ್ಕಾರು ಭಾಳ ಚಲೋ ಹಾಕ್ತಾರ. ಹಾಕ್ರಿ ಅಕ್ಕಾ, ಅಂಜಬ್ಯಾಡ್ರಿ."

ಬೇಡವೆಂದು ಸನ್ನೆ ಮಾಡಿದೆ. ಆಕೆ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು, ಕಣ್ಣು ನೆಲಕ್ಕಿಟ್ಟು, ಮದುವೆ ಮನೆಯಲ್ಲಿ ನಿಂತವಳಂತೆ ಶುರುಮಾಡಿದಳು:

"ಹೊಳಿಆಲೂರ ಊರಿಂದ ಬಂತು ಸೋಡಾದ ಗಾಲಿ,
ಕೋಳಿ ಕೂಗೂದ್ರಾಗ ಎದ್ದು ತಾವಽ ಏರಸ್ತಾರ ಗೋಲಿ,
ಕಚೇರಿ ಗಂಟಿ ಹೊಡದರೂ ಬಿಡಂಗಿಲ್ಲ ಬಾಟ್ಲಿ ಖಾಲಿ,
ಗುರುಸಿದ್ದಪ್ಪನವರು ಕಟ್ಟ್ಯಾರ ನನ್ನ ಕೊರಳಿಗೆ ತಾಳಿ."

ಮೊದಲು ನಕ್ಕವನು ದಾವಲಸಾಬ. ಆಮೇಲೆ ಹೊರಗೆ ನಿಂತ ರೈತರು. ಅವಲ ಕಾರಕೂನರು ನಾಲ್ಕೂ ಸಾಲು ಒಂದಕ್ಷರ ಬಿಡದೆ ಬರೆದುಕೊಂಡು ಕೆಳಗೆ ಗೆರೆ ಎಳೆದರು. ನೀಲವ್ವನಿಗೆ ತಾನು ಏನು ಹೇಳಿದೆನೆಂದು ಆಗ ಹೊಳೆಯಿತು. ಸೆರಗು ಬಾಯಿಗೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು.

ಸಾಹೇಬರು ನಗಲಿಲ್ಲ. ಆಕೆಯ ಹುಬ್ಬಿನ ಮೇಲಿನ ಗುರುತನ್ನು ನೋಡಿದರು. ನೀರು ಸೇದಿ ಕೆಂಪಾದ ಅಂಗೈ ನೋಡಿದರು. ಗಾಯ ಹೇಗಾಯಿತು, ನೀರು ಯಾರು ತರುತ್ತಾರೆ, ಬಂಡವಾಳ ಎಲ್ಲಿಂದ ಬಂತೆಂದು ಕೇಳಿದರು. ಆಕೆ ಬಾಟಲಿಯ, ಬಾವಿಯ, ಎಮ್ಮೆಯ ಸುದ್ದಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದರು.

"ಏನ್ರೀ ಗುರುಸಿದ್ದಪ್ಪ, ಎಮ್ಮೆ ಇವರದು, ನೀರು ಇವರದು, ಗಾಯ ಇವರದು. ಹಾಗಿದ್ದ ಮೇಲೆ ಅಂಗಡಿಯೂ ಇವರದೇ ಅಂತ ನಾನು ಬರೀತೀನಿ. ಮಷಿನ್ ಮೇಲೆ, ಆದಾಯದ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಅಂತ ಈಗಲೇ ಬರೆದು ಸಹಿ ಹಾಕಿ. ಇನ್ನೊಂದು. ನೀವು ಆ ಗಾಲಿ ತಿರುಗಿಸೋದು ಇನ್ನು ಮೇಲೆ ಯಾರ ಕಣ್ಣಿಗೂ ಬೀಳಬಾರದು. ತಿಳೀತಾ? ಯಾರ ಕಣ್ಣಿಗೂ."

"ತಿಳೀತ್ರಿ" ಎಂದೆ. ಸಹಿ ಹಾಕಿದೆ. ನೌಕರಿ ಉಳಿಯಿತು.

ಮರುದಿನದಿಂದ ಗಾಲಿಯನ್ನು ನೀಲವ್ವನೇ ತಿರುವಿದಳು. ನೀರು ತರುವುದು, ಬಾಟಲಿ ತೊಳೆಯುವುದು, ತುಂಬುವುದು, ತಿರುವುವುದು, ಎಲ್ಲ ಒಬ್ಬಳೇ. ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂಡುತ್ತಿದ್ದೆ. ಗಾಲಿ ಭಾರವಿತ್ತು. ಸುತ್ತಿಗೊಮ್ಮೆ ಆಕೆಯ ಉಸಿರು ಕೇಳುತ್ತಿತ್ತು. ಯಾರಾದರೂ, "ಏನ್ರಿ, ಅಕ್ಕಾರಿಗೆ ಒಂದೀಟು ಕೈ ಹಚ್ಚಬಾರದೇನ್ರಿ?" ಎಂದು ಕೇಳಿದರೆ, "ಸರಕಾರದ ಹುಕುಮ ಐತಿ" ಎಂದು ಮುಖ ಗಂಭೀರ ಮಾಡುತ್ತಿದ್ದೆ. ಮೇಲಿನವರ ಸಾವಿರ ಹುಕುಮುಗಳನ್ನು ಕಡತದಲ್ಲಿ ಹುಗಿದ ನಾನು ಇಡೀ ನೌಕರಿಯಲ್ಲಿ ಅಕ್ಷರಶಃ ಪಾಲಿಸಿದ್ದು ಅದೊಂದನ್ನೇ.

ಮುಂದೆ ನನ್ನನ್ನು ನರಗುಂದಕ್ಕೆ ಬದಲಿ ಮಾಡಿದರು. ನೀಲವ್ವ ಬರಲಿಲ್ಲ. "ಗಿರಾಕಿ ಬಿಟ್ಟು ಬರಾಕ ಆಗಂಗಿಲ್ರಿ" ಎಂದಳು. ನಾನು ಗುಡ್ಡದ ಬುಡದಲ್ಲಿ ಕೋಣೆ ಹಿಡಿದು, ಖಾನಾವಳಿಯಲ್ಲಿ ಉಂಡು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಆಮೇಲೆ ಗಜೇಂದ್ರಗಡ. ಅಲ್ಲಿ ಹೋದ ಮೊದಲ ದಿನ ಬಿಸಿಲಿಗೆ ಬಾಯಿ ಒಣಗಿ ಬಸ್ ನಿಲ್ಲುವ ಕಡೆಯ ಒಂದು ಅಂಗಡಿಗೆ ಹೋದೆ.

"ಯಾವ ಸೋಡಾ ಬೇಕ್ರಿ?" ಎಂದ ಅಂಗಡಿಯವನು. "ಇಲ್ಲಿದು ಐತಿ, ರೋಣದ್ದು ಐತಿ. ರೋಣದ್ದು ಚಲೋ ಐತ್ರಿ, ನೀಲವ್ವನ ಸೋಡಾ."

ನಾನೂ ಹೆಂಡತಿಯ ಹೆಸರು ಹಿಡಿದು ಮಾತಾಡಿದವನಲ್ಲ. "ಅದಽ ಕೊಡ್ರಿ" ಎಂದೆ.

"ಅದಽ ಅಂದ್ರ ಯಾವದ್ರಿ? ಹೆಸರ ಹೇಳ್ರಿ."

ಹೆಸರು ಬಾಯಿಗೆ ಬರಲಿಲ್ಲ. ಇಲ್ಲಿಯದನ್ನೇ ಕುಡಿದು ಬಂದೆ. ಸಪ್ಪಗಿತ್ತು.

ವರ್ಷಗಳು ಹೋದವು. ಅವಲ ಕಾರಕೂನರು ತೀರಿಕೊಂಡರು. ಅವರ ತಿಥಿಗೆ ನಮ್ಮ ಸೋಡಾನೇ ಹೋಯಿತು. ನನ್ನ ನಿವೃತ್ತಿಯ ದಿನ ಕಚೇರಿಯವರು ಶಾಲು ಹೊದಿಸಿ, ನನ್ನಂಥ ಆಜ್ಞಾಪಾಲಕ ಇನ್ನೊಬ್ಬನಿಲ್ಲವೆಂದು ಭಾಷಣ ಮಾಡಿದರು. ಸಂಜಿಗೆ ಮನೆಗೆ ಬಂದೆ. ನೀಲವ್ವ ಗಾಲಿಯ ಹತ್ತಿರವಿದ್ದಳು. ಬಲಗೈ ಹೆಗಲಿಗಿಂತ ಮೇಲೆ ಏರುವುದು ನಿಂತು ಆಗಲೇ ಮೂರು ವರ್ಷವಾಗಿತ್ತು. ಎಡಗೈಯಿಂದ ತಿರುವುತ್ತಿದ್ದಳು. ನಾನು ಶಾಲು ತೆಗೆದು ಗೂಟಕ್ಕೆ ಹಾಕಿ, ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದೆ: "ಸರಿ ಆ ಕಡೆ. ಇವತ್ತಿಗೆ ಸರಕಾರದ ಹುಕುಮ ಮುಗೀತು. ಇನ್ನ ನಾ ತಿರುವ್ತೀನಿ."

ಆಕೆ ಗಾಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

"ಆ ಸಾಹೇಬ್ರು, ಕಣ್ಣಿಗೆ ಬೀಳಬಾರದು ಅಂದಿದ್ರು" ಎಂದಳು. "ತಿರುವಬ್ಯಾಡ ಅಂದಿದ್ದಿಲ್ಲ. ನಾನೂ ಅಲ್ಲೇ ನಿಂತಿದ್ನೆಲ್ರಿ. ಬಾಗಲಾ ಹಾಕಿದ್ರ ಯಾರ ಕಣ್ಣಿಗೆ ಬೀಳತಿತ್ತು? ಅವರು ಆರ ತಿಂಗಳಿಗೆ ಬದಲಿ ಆಗಿ ಹೋದ್ರು. ನಾ ದಿನಾ ಮುಂಜಾನಿ ಬಾಗಲಾ ಹಾಕೇ ಇಡತಿದ್ನಿ, ಇವತ್ತ ನೀವು ಒಳಗ ಬಂದೀರಿ, ನಾಳಿ ಬಂದೀರಿ ಅಂತ."

ಬಾಗಿಲು ಹಾಕಿರುತ್ತಿತ್ತು. ಅದು ನನಗೆ ನೆನಪಿದೆ. ಬಾಟಲಿ ಸಿಡಿದೀತೆಂದು ಹಾಕುತ್ತಾಳೆಂದು ನನಗೆ ನಾನೇ ಹೇಳಿಕೊಂಡಿದ್ದೆ.

"ನಿಮಗ ತಿಳದಿದ್ದಿಲ್ಲೇನ್ರಿ?" ಎಂದು ಕೇಳಿದಳು.

ಧಂಧೆ ಹೇಗೆ ಮಾಡುವುದೆಂದು ಕೇಳಲು ಬರುವವರೇ, ಇಷ್ಟು ವರ್ಷ ಎಲ್ಲ ಕಾಗದಕ್ಕೂ ಒಂದು ಜವಾಬು ಬರೆದವನು ನಾನು. ಆ ಪ್ರಶ್ನೆಗೆ ಅಂದು ಬರೇ ಸುಮ್ಮನೆ ನಿಂತೆ. ನೀಲವ್ವ ಇನ್ನೂ ಇದ್ದಾಳೆ, ಕನ್ನಡಕ ಹಾಕಿಕೊಂಡು ಇದನ್ನು ಓದುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ತಿಳಿದಿತ್ತು. ಸಾಹೇಬರು ಹೇಳಿದಾಗಲೇ ತಿಳಿದಿತ್ತು.